ಧರಣಿ ಒಂದು ದಿನದ್ದು, ಕೋರ್ಟ್ ವಾಯಿದೆ ವರ್ಷಗಳದ್ದು

2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕಾಮಗಾರಿ ವಿರೋಧಿಸಿ ತುಮಕೂರು ಜಿಲ್ಲೆಯ ರೈತರು ಭಾರೀ ಸಂಖ್ಯೆಯಲ್ಲಿ ಸೇರಿದರು. ಜಿಲ್ಲಾಡಳಿತ ಮೊದಲೇ ನಿಷೇಧಾಜ್ಞೆ ಹೊರಡಿಸಿತ್ತು. ಜನ ಬಂದೇ ಬಂದರು. ಆಮೇಲೆ ಜನಪ್ರತಿನಿಧಿಗಳೂ ಸೇರಿದಂತೆ ಹಲವರ ಮೇಲೆ ಕೇಸು ಬಿತ್ತು. ಹೇಮಾವತಿ ನೀರು ಯಾರಿಗೆ ಎಷ್ಟು ಎಂಬ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಲೇಖನ ಬೇಕು. ಇಲ್ಲಿ ನೋಡಬೇಕಾದದ್ದು, ಇಂಥ ಹೋರಾಟಕ್ಕೆ ಟ್ರ್ಯಾಕ್ಟರ್ ಹತ್ತಿ ಹೋಗುವ ಸಾಮಾನ್ಯ ರೈತನೋ ಅಂಗನವಾಡಿ ಕಾರ್ಯಕರ್ತೆಯೋ ಕಾಲೇಜು ಹುಡುಗನೋ ಕಾನೂನಿನ ಕಣ್ಣಲ್ಲಿ ಏನಾಗುತ್ತಾರೆ ಎಂಬುದನ್ನು. ಮುಖಂಡರಿಗೆ ವಕೀಲರಿದ್ದಾರೆ, ಪಕ್ಷವಿದೆ. ಎಫ್‌ಐಆರ್‌ನ ಕೊನೆಯಲ್ಲಿ ‘ಮತ್ತಿತರರು’ ಎಂಬ ಒಂದೇ ಪದದೊಳಗೆ ಬಿದ್ದವರಿಗೆ ಯಾರಿದ್ದಾರೆ?

ನನ್ನ ಮಟ್ಟಿಗೆ ಜಿಲ್ಲಾ ಊರುಗಳಲ್ಲಿ ಪ್ರತಿಭಟನಾಕಾರನನ್ನು ನಿಜವಾಗಿ ಸೋಲಿಸುವುದು ಲಾಠಿಯಲ್ಲ, ಕಾಗದ. ಯಾವ ಕಾಗದಕ್ಕೆ ಎಷ್ಟು ತೂಕ ಎಂಬುದು ಗೊತ್ತಿಲ್ಲದೆ ಹೆದರಬಾರದ ಕಡೆ ಹೆದರುತ್ತೇವೆ, ಎಚ್ಚರವಾಗಿರಬೇಕಾದ ಕಡೆ ‘ಏನಾಗುತ್ತೆ ಬಿಡಿ’ ಎನ್ನುತ್ತೇವೆ.

ಮೊದಲು ‘ಪರ್ಮಿಷನ್’ ವಿಷಯ. ಸಂವಿಧಾನದ 19(1)(ಬಿ) ವಿಧಿ ಶಾಂತಿಯುತವಾಗಿ, ಆಯುಧಗಳಿಲ್ಲದೆ ಸೇರುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. ದೇಶದ ಸಾರ್ವಭೌಮತೆ, ಸಮಗ್ರತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯ ಕಾರಣಕ್ಕೆ ಮಾತ್ರ ಅದರ ಮೇಲೆ ಸಮಂಜಸ ನಿರ್ಬಂಧ ಹೇರಬಹುದು. ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಷ್ಟು ಹಿಂದೆಯೇ ಹೇಳಿದೆ: ಸಾರ್ವಜನಿಕ ರಸ್ತೆಯಲ್ಲಿ ಸಭೆ ಎಲ್ಲಿ, ಯಾವಾಗ, ಹೇಗೆ ನಡೆಯಬೇಕೆಂದು ಸರ್ಕಾರ ನಿಯಂತ್ರಿಸಬಹುದು, ಸಭೆಯೇ ಬೇಡ ಎಂದು ಸಾರಾಸಗಟಾಗಿ ಬಾಗಿಲು ಹಾಕುವಂತಿಲ್ಲ. ಅಂದರೆ ಅನುಮತಿ ಪತ್ರ ಹಕ್ಕನ್ನು ಹುಟ್ಟಿಸುವುದಿಲ್ಲ, ಹಕ್ಕನ್ನು ಎಲ್ಲಿ ಚಲಾಯಿಸಬೇಕು ಎಂದಷ್ಟೇ ಹೇಳುತ್ತದೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ದೆಹಲಿಯ ಶಾಹೀನ್ ಬಾಗ್ ರಸ್ತೆ ಧರಣಿ ಕುರಿತ 2020ರ ಅಕ್ಟೋಬರ್‌ನ ತೀರ್ಪಿನಲ್ಲಿ ಅದೇ ಕೋರ್ಟ್, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದಿತು.

ತುಮಕೂರಿನಿಂದಲೋ ಕೋಲಾರದಿಂದಲೋ ಬೆಂಗಳೂರಿಗೆ ಹೊರಡುವವರಿಗೆ ಇದು ತಕ್ಷಣ ತಟ್ಟುವ ಮಾತು. ಬೆಂಗಳೂರು ನಗರಕ್ಕೆ 2021ರ ಪ್ರತ್ಯೇಕ ಪರವಾನಗಿ ಆದೇಶವಿದೆ, ಅದರ ಪ್ರಕಾರ ಧರಣಿ, ಮೆರವಣಿಗೆ ಎಲ್ಲ ಫ್ರೀಡಂ ಪಾರ್ಕ್‌ನೊಳಗೆ. ಊರಲ್ಲಿ ಟೌನ್ ಹಾಲ್ ಸರ್ಕಲ್‌ನಿಂದ ಡಿಸಿ ಕಚೇರಿಗೆ ಘೋಷಣೆ ಕೂಗುತ್ತಾ ನಡೆದು ಅಭ್ಯಾಸವಾದವರು ಮೆಜೆಸ್ಟಿಕ್‌ನಲ್ಲಿ ಇಳಿದು ಹಾಗೇ ನಡೆದರೆ ಪೊಲೀಸ್ ಬಸ್ಸಿನಲ್ಲಿ ಕೂರಬೇಕಾಗುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಆ ಆದೇಶ ಅನ್ವಯಿಸುವುದಿಲ್ಲ. ಇಲ್ಲಿ ಸಂಘಟನೆಯ ಲೆಟರ್‌ಹೆಡ್‌ನಲ್ಲಿ ಠಾಣೆಗೆ, ಡಿವೈಎಸ್‌ಪಿಗೆ ಒಂದು ಮನವಿ ಕೊಡುವುದು ರೂಢಿ. ಮೈಕ್ ಇದ್ದರೆ ಧ್ವನಿವರ್ಧಕಕ್ಕೆ ಬೇರೆ ಅನುಮತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದೂ ಇಲ್ಲ. ಮನವಿ ಕೊಟ್ಟು ‘ಸಾರ್‌ಗೆ ಹೇಳಿದೀವಿ’ ಎಂದು ಬರಿಗೈಲಿ ಬರುವುದೇ ನಮ್ಮವರ ದೊಡ್ಡ ತಪ್ಪು. ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕ, ಸಮಯದ ಸಮೇತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಲ್ಲೆ ಎಂದರೆ ಎಸ್ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ. ನಾಳೆ ‘ಪೂರ್ವಾನುಮತಿ ಇಲ್ಲದೆ ಏಕಾಏಕಿ ಅಕ್ರಮ ಕೂಟ ಸೇರಿ’ ಎಂದು ಎಫ್‌ಐಆರ್‌ನಲ್ಲಿ ಬರೆದಾಗ ನಿಮ್ಮ ವಕೀಲರ ಕೈಗೆ ಸಿಗುವ ಮೊದಲ ಆಸರೆ ಆ ಮೊಹರು. ಜಾಗ, ಹೊತ್ತು, ಸುಮಾರು ಎಷ್ಟು ಜನ, ಜವಾಬ್ದಾರರು ಯಾರು, ಇಷ್ಟಿದ್ದರೆ ಸಾಕು. ಬೇಡಿಕೆಗಳ ಪುರಾಣವನ್ನು ಡಿಸಿಗೆ ಕೊಡುವ ಮನವಿಗೆ ಇಟ್ಟುಕೊಳ್ಳಿ.

ನಿಷೇಧಾಜ್ಞೆಗೆ ಸಹಿ ಯಾರದ್ದು

2024ರ ಜುಲೈ 1ರಿಂದ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಿಷೇಧಾಜ್ಞೆಯ ಹಳೆಯ 144ನೇ ಕಲಂ ಈಗ 163. ಜನರ ಬಾಯಲ್ಲಿ ಇನ್ನೂ ನೂರ ನಲವತ್ನಾಲ್ಕೇ, ಇರಲಿ. ನಮ್ಮ ಜಿಲ್ಲೆಗಳವರು ತಿಳಿಯಬೇಕಾದದ್ದು ಬೇರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಪೊಲೀಸ್ ಕಮಿಷನರ್‌ಗೇ ಮ್ಯಾಜಿಸ್ಟ್ರೇಟ್ ಅಧಿಕಾರ ಇರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕಮಿಷನರೇಟ್ ಇಲ್ಲ. ಇಲ್ಲಿ ಈ ಆಜ್ಞೆ ಹೊರಡಬೇಕಾದದ್ದು ಜಿಲ್ಲಾ ಮ್ಯಾಜಿಸ್ಟ್ರೇಟ್ ಆಗಿ ಡಿಸಿಯಿಂದ, ಉಪವಿಭಾಗ ಮ್ಯಾಜಿಸ್ಟ್ರೇಟ್ ಆಗಿ ಎಸಿಯಿಂದ, ಇಲ್ಲವೇ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ತಹಶೀಲ್ದಾರ್‌ರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಂದ. ಎಸ್ಪಿ ವರದಿ ಕೊಡಬಹುದು, ಸಹಿ ಅವರದ್ದಲ್ಲ. ಪಿಎಸ್‌ಐ ಬಂದು ‘ನಿಷೇಧಾಜ್ಞೆ ಇದೆ, ಜಾಗ ಖಾಲಿ ಮಾಡಿ’ ಎಂದಾಗ ‘ಸಾರ್, ಆರ್ಡರ್ ಪ್ರತಿ ತೋರಿಸಿ’ ಎಂದು ಕೇಳುವುದು ಉದ್ಧಟತನವಲ್ಲ. ಆಜ್ಞೆಯಲ್ಲಿ ಯಾವ ಗ್ರಾಮ, ಎಷ್ಟು ವ್ಯಾಪ್ತಿ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಯಾವ ಕಾರಣಕ್ಕೆ ಎಂಬುದೆಲ್ಲ ಇರಬೇಕು. ವ್ಯಾಪ್ತಿಯ ಸಾಲು ಓದಿ ಆ ವ್ಯಾಪ್ತಿಯ ಆಚೆ ಶಾಮಿಯಾನ ಹಾಕಿದರೆ ಅದು ಆಜ್ಞೆಯ ಉಲ್ಲಂಘನೆಯೇ ಅಲ್ಲ. ಇದನ್ನು ಯಾರೂ ಓದುವುದಿಲ್ಲ ಎಂಬುದು ಬೇರೆ ಮಾತು.

ಇಂಥ ಆಜ್ಞೆ ಹೆಚ್ಚೆಂದರೆ ಎರಡು ತಿಂಗಳು, ರಾಜ್ಯ ಸರ್ಕಾರ ಮುಂದುವರಿಸಿದರೆ ಇನ್ನೂ ಆರು ತಿಂಗಳು. ಬಾಧಿತನಾದ ಯಾರೇ ಆಗಲಿ ಅದನ್ನು ರದ್ದು ಮಾಡಿ, ಬದಲಿಸಿ ಎಂದು ಅದೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಬೇಗ ವಿಚಾರಣೆಗೆ ಅವಕಾಶ ಕೊಡಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು ಎಂದು 163ನೇ ಕಲಮೇ ಹೇಳುತ್ತದೆ. ಹಿಂದಿನ ದಿನ ಸಂಜೆ ಆಜ್ಞೆ ಹೊರಟು ಮಾರನೇ ಬೆಳಿಗ್ಗೆ ಪ್ರತಿಭಟನೆ ಇರುವಾಗ ಈ ಅರ್ಜಿಯಿಂದ ಆ ದಿನಕ್ಕೆ ಏನೂ ಆಗದು ನಿಜ. ಆದರೆ ಆ ಅರ್ಜಿಯ ಪ್ರತಿ ಮುಂದೆ ಹೈಕೋರ್ಟ್‌ನಲ್ಲಿ ಮಾತಾಡುತ್ತದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿ ಪ್ರತಿಭಟನೆಗಳ ಹೊತ್ತಿಗೆ ಬೆಂಗಳೂರಿನಲ್ಲಿ ಹೇರಿದ್ದ ನಿಷೇಧಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿತು. ಅದಕ್ಕೆ ತಿಂಗಳ ಹಿಂದಷ್ಟೇ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನ್ಯಾಯಯುತ ಅಭಿಪ್ರಾಯ ಹತ್ತಿಕ್ಕಲು ಈ ಅಧಿಕಾರ ಬಳಸುವಂತಿಲ್ಲ, ಒಂದರ ಮೇಲೊಂದು ಆಜ್ಞೆ ಹೊರಡಿಸುತ್ತಾ ಹೋಗುವುದು ಅಧಿಕಾರದ ದುರುಪಯೋಗ ಎಂದಿತ್ತು.

ಆಜ್ಞೆ ಮುರಿದರೆ ಏನು? ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ. ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೀವಕ್ಕೆ ಅಪಾಯವಾಗುವಂತಿದ್ದರೆ ಅಥವಾ ಗಲಭೆಗೆ ಎಡೆಯಾದರೆ ಒಂದು ವರ್ಷ, 5,000 ರೂಪಾಯಿ. ಜಾಮೀನು ಸಿಗುವ ಅಪರಾಧ. ಮತ್ತೂ ಒಂದು ಗುಟ್ಟಿದೆ: ಈ ಕಲಮಿನಡಿ ಕೋರ್ಟ್ ಕೇಸು ಕೈಗೆತ್ತಿಕೊಳ್ಳಬೇಕಾದರೆ ಆಜ್ಞೆ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡಬೇಕು. ಪೊಲೀಸರ ಚಾರ್ಜ್‌ಶೀಟ್ ಒಂದೇ ಸಾಲದು. ಇದನ್ನು ಮರೆತು ಹಾಕಿದ ಕೇಸುಗಳು ಹೈಕೋರ್ಟ್‌ನಲ್ಲಿ ಬಿದ್ದುಹೋದ ಉದಾಹರಣೆಗಳು ಬೇಕಾದಷ್ಟಿವೆ.

ಹಗುರ ಕಲಂ, ಭಾರದ ಕಲಂ

ಎಫ್‌ಐಆರ್ ಕೈಗೆ ಬಂದಾಗ ಜನ ಕಲಮುಗಳ ಸಂಖ್ಯೆ ಎಣಿಸಿ ಹೆದರುತ್ತಾರೆ. ಎಂಟು ಕಲಂ ಹಾಕಿದ್ದಾರೆ ಅಂತ. ಸಂಖ್ಯೆ ಮುಖ್ಯವಲ್ಲ. ನ್ಯಾಯ ಸಂಹಿತೆಯಲ್ಲಿ ಐದು ಮತ್ತು ಹೆಚ್ಚು ಜನರ ಅಕ್ರಮ ಕೂಟ 189, ದೊಂಬಿ 191(2), ಅಡ್ಡಗಟ್ಟುವುದು 126(2), ರಸ್ತೆಗೆ ಅಡಚಣೆ 285, ಆಜ್ಞೆ ಉಲ್ಲಂಘನೆ 223, ಇವೆಲ್ಲ ಜಾಮೀನು ನಿಮ್ಮ ಹಕ್ಕಾಗಿರುವ ಕಲಮುಗಳು. ಠಾಣೆಯಲ್ಲೇ ಬಿಡಬೇಕು. ಗೆರೆ ದಾಟುವುದು ಎರಡು ಕಡೆ. ಒಂದು, 132ನೇ ಕಲಂ, ಅಂದರೆ ಸರ್ಕಾರಿ ನೌಕರ ಕರ್ತವ್ಯ ಮಾಡದಂತೆ ಹಲ್ಲೆ ಅಥವಾ ಬಲಪ್ರಯೋಗ. ಎರಡು, 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ. ಇವು ಸೇರಿದ ಕೂಡಲೇ ಜಾಮೀನು ಕೋರ್ಟಿನ ವಿವೇಚನೆಗೆ ಹೋಗುತ್ತದೆ, ರಾತ್ರಿ ಜೈಲಿನಲ್ಲಿ ಕಳೆಯಬೇಕಾಗಬಹುದು. ತಳ್ಳಾಟದಲ್ಲಿ ಕಾನ್‌ಸ್ಟೆಬಲ್‌ರ ಸಮವಸ್ತ್ರದ ಗುಂಡಿ ಕಿತ್ತರೂ 132 ಹಾಕಲು ಸಾಕಾಗುತ್ತದೆ. ಬ್ಯಾರಿಕೇಡ್ ಕೈಲಿ ಹಿಡಿದು ತಳ್ಳುವ ಫೋಟೋ ಪತ್ರಿಕೆಗೆ ಚೆನ್ನ, ಆರೋಪಿಗೆ ಚೆನ್ನಲ್ಲ.

ಬಾವುಟದ ಕೋಲಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಸಿರು ಟವೆಲ್ ಜೊತೆ ದಪ್ಪ ಬಿದಿರು ಗಳುವಿಗೆ ಬಾವುಟ ಕಟ್ಟಿಕೊಂಡು ಬರುವುದು ನಮ್ಮ ರೈತ ಮೆರವಣಿಗೆಗಳ ವಾಡಿಕೆ. ಮಾರಕಾಯುಧದೊಡನೆ ದೊಂಬಿ ಎಂಬ 191(3)ಕ್ಕೆ ಐದು ವರ್ಷದವರೆಗೆ ಶಿಕ್ಷೆ. ಆಯುಧವಾಗಿ ಬಳಸಿದರೆ ಸಾವು ತರಬಲ್ಲ ಯಾವ ವಸ್ತುವೂ ಅದರೊಳಗೆ ಬರುತ್ತದೆ. ತೆಳ್ಳನೆಯ ಪಿವಿಸಿ ಪೈಪಿಗೆ ಬಾವುಟ ಕಟ್ಟಿದರೆ ಅದೂ ಹಾರುತ್ತದೆ.

ಇನ್ನು ಎಲ್ಲಕ್ಕಿಂತ ಅಪಾಯಕಾರಿಯಾದ ಕಲಂ 190. ಕೂಟದ ಸಮಾನ ಉದ್ದೇಶ ಸಾಧನೆಗಾಗಿ ಒಬ್ಬ ಅಪರಾಧ ಮಾಡಿದರೂ ಆ ಹೊತ್ತಿಗೆ ಕೂಟದಲ್ಲಿದ್ದ ಎಲ್ಲರೂ ಹೊಣೆ. ಕಲ್ಲು ಎಸೆದವನು ಹಿಂದಿನ ಸಾಲಿನ ಯಾವನೋ ಪುಂಡ, ಕೇಸು ಮುಂದಿನ ಸಾಲಿನಲ್ಲಿ ಮೈಕ್ ಹಿಡಿದವನಿಗೂ. ಇದರ ಬಿಸಿ ನಮ್ಮ ಭಾಗಕ್ಕೆ ಚೆನ್ನಾಗಿ ತಟ್ಟಿದ್ದು 2020ರ ಡಿಸೆಂಬರ್ 12ರಂದು, ಕೋಲಾರದ ನರಸಾಪುರದಲ್ಲಿ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ತಕರಾರು ದಾಂದಲೆಗೆ ತಿರುಗಿ ನೂರಕ್ಕೂ ಹೆಚ್ಚು ಕಾರ್ಮಿಕರು ಬಂಧನಕ್ಕೊಳಗಾದರು. ವಾರದೊಳಗೆ ಕಂಪನಿಯೇ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ಕೆಲಕಾಲ ನಿಲ್ಲಿಸಿತು. ದೂರು ನಿಜವಾಗಿತ್ತು. ಒಳಗೆ ಹೋದ ಹುಡುಗರಿಗೆ ಅದರಿಂದ ಕಾಸಿನ ಪ್ರಯೋಜನವಾಗಲಿಲ್ಲ. ಬೇಡಿಕೆ ನ್ಯಾಯವಾದದ್ದು ಎಂಬುದು ಕ್ರಿಮಿನಲ್ ಕೇಸಿನಲ್ಲಿ ರಕ್ಷಣೆಯೇ ಅಲ್ಲ.

ಹಾಗಾದರೆ ಸುಮ್ಮನೆ ನಿಂತು ನೋಡುತ್ತಿದ್ದವನ ಗತಿ? 2002ರ ಗುಜರಾತ್ ಗಲಭೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಆರು ಜನರನ್ನು ಖುಲಾಸೆ ಮಾಡುತ್ತಾ, ಸ್ಥಳದಲ್ಲಿ ಹಾಜರಿದ್ದ ಮಾತ್ರಕ್ಕೆ ಅಕ್ರಮ ಕೂಟದ ಸದಸ್ಯನಾಗುವುದಿಲ್ಲ ಎಂದಿದೆ. ಗುಂಪು ದೊಡ್ಡದಿದ್ದಾಗ ಕುತೂಹಲಕ್ಕೆ ಬಂದವರನ್ನೂ ಸೇರಿಸಿಬಿಡುವ ಅಪಾಯದ ಬಗ್ಗೆ ಕೋರ್ಟ್‌ಗಳು ಎಚ್ಚರವಾಗಿರಬೇಕು ಎಂಬುದು ಅದರ ಸಾರ. ಒಳ್ಳೆಯ ತೀರ್ಪು. ಆದರೆ ವರ್ಷ ನೋಡಿ: 2002ರ ಘಟನೆ, 2025ರ ಖುಲಾಸೆ.

ಅದಕ್ಕೇ ‘ಚದುರಿ’ ಎಂಬ ಆದೇಶ ಬಂದ ಗಳಿಗೆ ಮುಖ್ಯವಾಗುತ್ತದೆ. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ಆ ಆದೇಶ ಕೊಡಬಹುದು. ಅದಾದ ಮೇಲೂ ಅಕ್ರಮ ಕೂಟದಲ್ಲಿ ನಿಂತರೆ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷಕ್ಕೆ ಜಿಗಿಯುತ್ತದೆ. ಬಲಪ್ರಯೋಗಕ್ಕೂ ಅಲ್ಲಿಂದ ದಾರಿ ತೆರೆಯುತ್ತದೆ. ಕಲ್ಲು ಬಿದ್ದದ್ದು ಕಂಡರೆ, ಮೈಕ್‌ನಲ್ಲಿ ಆದೇಶ ಕೇಳಿಸಿದರೆ ಹೊರಟುಬಿಡಿ, ಹೊರಟ ಹೊತ್ತು ಗೊತ್ತಾಗುವಂತೆ ಮನೆಗೆ ಒಂದು ಫೋನ್ ಮಾಡಿ. ಮುಖಂಡರು ‘ಯಾರೂ ಕದಲಬೇಡಿ’ ಎಂದು ಕೂಗುತ್ತಿರಬಹುದು. ಅವರ ಜಾಮೀನಿಗೆ ಜನ ಇದ್ದಾರೆ.

ಚದುರಿಸುವ ಆದೇಶದ ಇತಿಹಾಸ ನಮ್ಮ ನೆಲದಲ್ಲಿ ರಕ್ತದಲ್ಲೇ ಬರೆದಿದೆ. 1938ರ ಏಪ್ರಿಲ್ 25ರಂದು ಆಗಿನ ಕೋಲಾರ ಜಿಲ್ಲೆಯ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. 32 ಜನ ಹುತಾತ್ಮರಾದರು ಎಂದು ಅಲ್ಲಿಯ ನೆನಪು ಹೇಳುತ್ತದೆ, ಅಂದಿನ ಸರ್ಕಾರ ಕೊಟ್ಟ ಲೆಕ್ಕ ಇದಕ್ಕಿಂತ ಬಹಳ ಕಡಿಮೆ. ಅದಾದ ಮೇಲೆಯೇ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್‌ರೊಂದಿಗೆ ಒಪ್ಪಂದವಾಗಿ ಧ್ವಜಕ್ಕೆ ಜಾಗ ಸಿಕ್ಕಿತು.

ವ್ಯಾನ್ ಹತ್ತಿಸಿದ ಮೇಲೆ

‘ಬಂಧಿಸಿ ಬಿಡುಗಡೆ’ ಎಂದು ಪತ್ರಿಕೆಯಲ್ಲಿ ಒಂದು ಸಾಲು ಬರುತ್ತದೆ. ಎಲ್ಲರನ್ನೂ ಬಸ್ಸಿಗೆ ತುಂಬಿ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನಕ್ಕೋ ಕಲ್ಯಾಣ ಮಂಟಪಕ್ಕೋ ಒಯ್ದು, ಮಧ್ಯಾಹ್ನ ಚಿತ್ರಾನ್ನ ಕೊಟ್ಟು, ಸಂಜೆ ಕಳಿಸುವುದು. ಮುಂಜಾಗ್ರತಾ ಬಂಧನಕ್ಕೆ ಸುರಕ್ಷಾ ಸಂಹಿತೆಯ 170ನೇ ಕಲಂ ಇದೆ, ಮಿತಿ 24 ಗಂಟೆ. ಪೊಲೀಸರ ನಿರ್ದೇಶನ ಪಾಲಿಸದವರನ್ನು ಹಿಡಿದು ಕರೆದೊಯ್ಯಲು ಹೊಸದಾಗಿ 172 ಕೂಡ ಬಂದಿದೆ. ಅಲ್ಲಿ ಕೂತವರು ಹರಟೆ ಹೊಡೆಯುತ್ತಾ ಇರುವಾಗ ಒಬ್ಬ ಪೊಲೀಸ್ ಪೇದೆ ಪುಸ್ತಕ ಹಿಡಿದು ಹೆಸರು, ತಂದೆ ಹೆಸರು, ವಯಸ್ಸು, ಊರು, ಫೋನ್ ನಂಬರ್ ಬರೆದುಕೊಂಡು ಹೋಗುತ್ತಾರೆ. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮುಂದೆ ಆರೋಪಿಗಳ ಪಟ್ಟಿಯಾಗಬಹುದಾದದ್ದು ಅದೇ ಪುಸ್ತಕ. ಸುಳ್ಳು ಹೆಸರು ಹೇಳಬೇಡಿ, ಅದು ಇನ್ನೊಂದು ತಲೆನೋವು. ‘ಸಾರ್, ಇದು ಮುಂಜಾಗ್ರತಾ ಬಂಧನವೋ ಕೇಸಿನ ಬಂಧನವೋ?’ ಎಂದು ಕೇಳಿ, ಉತ್ತರ ಕೊಟ್ಟ ಅಧಿಕಾರಿಯ ಹೆಸರು ನೆನಪಿಡಿ. ಎದೆಯ ಮೇಲೆ ಹೆಸರಿನ ಪಟ್ಟಿ ಇರಲೇಬೇಕು, ಅದು ಕಾನೂನು.

ಕೇಸಿನ ಬಂಧನವಾದರೆ ಹಕ್ಕುಗಳು ಸ್ಪಷ್ಟ. ಬಂಧನದ ಮೆಮೊ ಆಗಬೇಕು, ಮನೆಯವರದ್ದೋ ಊರಿನ ಗೌರವಸ್ಥರದ್ದೋ ಸಾಕ್ಷಿ ಸಹಿ ಬೇಕು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಎಲ್ಲ ಅಪರಾಧಗಳಿಗೂ ಅನ್ವಯಿಸುವಂತೆ ಹೇಳಿದೆ. ತಕ್ಷಣ ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ತರುವ ಕನಿಷ್ಠ ಎರಡು ಗಂಟೆ ಮುಂಚೆಯಾದರೂ ಲಿಖಿತವಾಗಿ ಕೊಡಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನ ಕಡೆ ಮನೆಯಲ್ಲಿ ತೆಲುಗು ಆಡುವ, ಓದು ಬಾರದ ಹಿರಿಯರಿಗೆ ಈ ಮಾತಿನ ಬೆಲೆ ದೊಡ್ಡದು.

ಹೆಂಗಸರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು. ಆಶಾ, ಅಂಗನವಾಡಿ ಅಕ್ಕಂದಿರ ಅಹೋರಾತ್ರಿ ಧರಣಿಗಳಿಗೆ ಇದು ನೇರವಾಗಿ ಅನ್ವಯ. ರೈತ ಧರಣಿಗಳಲ್ಲಿ ಬಿಳಿ ಕೂದಲಿನವರೇ ಹೆಚ್ಚಲ್ಲವೇ, ಅವರಿಗೊಂದು ಹೊಸ ರಕ್ಷಣೆ ಇದೆ: 60 ದಾಟಿದವರನ್ನು ಅಥವಾ ಅಶಕ್ತರನ್ನು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಬಂಧಿಸಲು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಆಧಾರ್ ಕಾರ್ಡಿನ ಜೆರಾಕ್ಸ್ ಜೇಬಿನಲ್ಲಿದ್ದರೆ ವಯಸ್ಸಿನ ವಾದ ಅಲ್ಲೇ ಮುಗಿಯುತ್ತದೆ. 18 ತುಂಬದವರನ್ನು ಲಾಕಪ್‌ಗೆ ಹಾಕುವಂತೆಯೇ ಇಲ್ಲ.

ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಹೆಂಗಸರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಸಂಘಟನೆಯವರು ಕರಪತ್ರದ ಕೆಳಗೆ ದಾನಿಗಳ ಹೆಸರು ಅಚ್ಚು ಹಾಕಿಸುವ ಬದಲು ಈ ನಂಬರ್ ಹಾಕಿಸಬಹುದು.

ಫೋನ್ ವಿಷಯ. ಬಂಧಿಸಿದಾಗ ವಶಪಡಿಸಿಕೊಳ್ಳಬಹುದು, ಆದರೆ ಒಳಗಿರುವುದನ್ನು ಜಾಲಾಡಲು ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ಬೆರಳಚ್ಚಿನ ಲಾಕ್ ತೆಗೆದು ನಂಬರಿನ ಲಾಕ್ ಹಾಕಿಕೊಂಡು ಹೋಗಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಿಂದಿನ ರಾತ್ರಿ ಆವೇಶದಲ್ಲಿ ಹಾಕಿದ ‘ನಾಳೆ ನುಗ್ಗಿ ತೋರಿಸೋಣ’ ಎಂಬ ಸಾಲು ಸಮಾನ ಉದ್ದೇಶಕ್ಕೆ ಸಾಕ್ಷಿಯಾಗಿ ಕೂರುತ್ತದೆ. ನೀವು ತೆಗೆದ ವಿಡಿಯೊ ನಿಮ್ಮ ಪರವಾಗಿದ್ದರೆ ಅದರ ಮೂಲ ಫೈಲ್ ಆ ಫೋನಿನಲ್ಲೇ ಉಳಿಯಲಿ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಪ್ರತಿ ಕುಗ್ಗಿರುತ್ತದೆ, ಯಾವಾಗ ತೆಗೆದದ್ದು ಎಂಬ ವಿವರ ಕಳೆದಿರುತ್ತದೆ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು.

ಏಟು, ಬಿಸಿಲು, ಟ್ರೇಲರ್

ಲಾಠಿ ಏಟು ತಿಂದವರು ಮಾಡುವ ತಪ್ಪು ಜಿಲ್ಲಾ ಆಸ್ಪತ್ರೆಯ ಚೀಟಿ ಬರೆಸುವ ಕಿಟಕಿಯಲ್ಲಿ ನಡೆಯುತ್ತದೆ. ‘ಏನಾಯ್ತಪ್ಪ?’ ಎಂದು ಕೇಳಿದಾಗ, ಮತ್ತೆ ಪೊಲೀಸ್ ಗೊಡವೆ ಬೇಡವೆಂದು, ‘ಬಿದ್ದೆ ಸಾರ್’ ಎನ್ನುತ್ತಾರೆ. ವೈದ್ಯರು ಅದನ್ನೇ ಬರೆಯುತ್ತಾರೆ. ಮೂರು ತಿಂಗಳ ಮೇಲೆ ದೂರು ಕೊಡಲು ಹೊರಟರೆ ನಿಮ್ಮ ಬಾಯಿಂದಲೇ ಬಂದ ‘ಬಿದ್ದ ಗಾಯ’ ಎದುರಿಗೆ ಕೂತಿರುತ್ತದೆ. ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯವೆಂಬ ವೈದ್ಯಕೀಯ ದಾಖಲೆ ಮಾಡಿಸಿ, ಏಟು ಯಾವುದರಿಂದ, ಎಲ್ಲಿ, ಎಷ್ಟು ಗಂಟೆಗೆ ಎಂದು ಹೇಳಿ, ಬರೆದದ್ದನ್ನು ಓದಿಸಿ ಕೇಳಿ. ಬಾಸುಂಡೆಯ ಫೋಟೋವನ್ನು ಅಂದು ಮತ್ತು ಮರುದಿನ ಎರಡೂ ತೆಗೆಯಿರಿ, ಎರಡನೇ ದಿನ ಅದು ಹೆಚ್ಚು ಎದ್ದು ಕಾಣುತ್ತದೆ. ಬಂಧಿತರಾಗಿದ್ದರೆ ವೈದ್ಯಕೀಯ ಪರೀಕ್ಷೆ ಕಾನೂನಿನ ಪ್ರಕಾರವೇ ಆಗಬೇಕು, ಅದರ ಪ್ರತಿ ನಿಮಗೆ ಸಿಗಬೇಕು. ಪೊಲೀಸರ ವಿರುದ್ಧ ದೂರನ್ನು ಠಾಣೆ ತೆಗೆದುಕೊಳ್ಳದಿದ್ದರೆ ಎಸ್ಪಿಗೆ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗ, ಪೊಲೀಸ್ ದೂರು ಪ್ರಾಧಿಕಾರ ಎರಡೂ ಇವೆ.

ಅಶ್ರುವಾಯು ನಮ್ಮ ಕಡೆ ಅಪರೂಪ. ಕಣ್ಣು ಉಜ್ಜದೆ, ಗಾಳಿ ಬೀಸಿ ಬರುತ್ತಿರುವ ಕಡೆಗೆ ಮುಖ ಮಾಡಿ ಹೊಗೆಯಿಂದ ಆಚೆ ನಡೆದು, ಬರಿ ನೀರಿನಲ್ಲಿ ತೊಳೆದರೆ ಸಾಕು. ನಿಜವಾದ ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕೋಲಾರದ ರಸ್ತೆಯಲ್ಲಿ ಹನ್ನೊಂದರಿಂದ ಮೂರರವರೆಗೆ ಕೂತರೆ, ಬೆಳಿಗ್ಗೆ ಬಿಪಿ, ಶುಗರ್ ಮಾತ್ರೆ ನುಂಗಿ ಮಧ್ಯಾಹ್ನ ಊಟ ಬಿಟ್ಟ ಅರವತ್ತೈದರ ಹಿರಿಯ ಕುಸಿಯುವುದು ಸಹಜ. ಒಆರ್‌ಎಸ್ ಪೊಟ್ಟಣ, ಮಜ್ಜಿಗೆ, ಹೆಂಗಸರಿಗೆ ಹತ್ತಿರದಲ್ಲೇ ಶೌಚಾಲಯ, 108 ಬಂದು ಹೋಗುವಷ್ಟು ರಸ್ತೆ, ಇಷ್ಟು ನೋಡಿಕೊಳ್ಳದ ಸಂಘಟಕರು ಮೈಕ್ ಹಿಡಿದು ಸರ್ಕಾರವನ್ನು ನಿರ್ದಯಿ ಎನ್ನುವುದು ಯಾಕೋ ಸರಿ ಕಾಣುವುದಿಲ್ಲ.

ಟ್ರ್ಯಾಕ್ಟರ್ ಮೆರವಣಿಗೆ ಈ ಭಾಗದ ಗುರುತೇ ಆಗಿದೆ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಕೋಲಾರ, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಟ್ರ್ಯಾಕ್ಟರ್ ಸಾಲನ್ನು ಯಾರು ಮರೆತಾರು. ಆದರೆ ಟ್ರೇಲರ್‌ನಲ್ಲಿ ನಿಂತು ಬರುವ ಜನಕ್ಕೆ ವಿಮೆಯ ರಕ್ಷಣೆ ಇಲ್ಲ. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಹತ್ತಿ ಬಂದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬುದು ಸುಪ್ರೀಂ ಕೋರ್ಟ್ ಒಪ್ಪಿರುವ ಮಾತು. ಟ್ರೇಲರ್ ಮಗುಚಿದರೆ ಪರಿಹಾರದ ಹೊರೆ ಟ್ರ್ಯಾಕ್ಟರ್ ಮಾಲೀಕನ ತಲೆ ಮೇಲೆ, ಅವನೂ ಹೋರಾಟಕ್ಕೆ ಬಂದ ರೈತನೇ. ಜನಕ್ಕೆ ಬಸ್ ಮಾಡಿ, ಟ್ರ್ಯಾಕ್ಟರ್‌ನಲ್ಲಿ ಚಾಲಕ ಮಾತ್ರ ಬರಲಿ.

ಕೇಸು ವಾಪಸ್ ಎಂಬ ಭರವಸೆ

ಪ್ರತಿ ಹೋರಾಟದ ಕೊನೆಗೆ ‘ಸರ್ಕಾರ ಕೇಸು ವಾಪಸ್ ತಗೊಳುತ್ತೆ’ ಎಂಬ ಮಾತು ಬರುತ್ತದೆ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಸರ್ಕಾರಿ ಅಭಿಯೋಜಕರು ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು. 2024ರ ಅಕ್ಟೋಬರ್‌ನಲ್ಲಿ 43 ಕೇಸುಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ ಹೊರಡಿಸಿದ ಆದೇಶವನ್ನು ಹೈಕೋರ್ಟ್ 2025ರ ಮೇನಲ್ಲಿ ರದ್ದು ಮಾಡಿತು. ಶಾಸಕರ, ಸಂಸದರ ಮೇಲಿನ ಕೇಸು ಹಿಂಪಡೆಯಲು ಹೈಕೋರ್ಟ್ ಅನುಮತಿಯೇ ಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದರಿಂದ, ಮುಖಂಡನ ಹೆಸರಿರುವ ಕೇಸಿನಲ್ಲಿ ಸಿಕ್ಕಿಕೊಂಡ ‘ಮತ್ತಿತರರು’ ಇನ್ನೂ ಹಿಂದೆ ಉಳಿಯುತ್ತಾರೆ.

ಭರವಸೆ ನಂಬಿ ಕೂರುವ ಬದಲು ಕ್ಯಾಲೆಂಡರ್ ನೋಡುವುದು ಮೇಲು. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಘಟನೆಯಾದ ಒಂದು ವರ್ಷದೊಳಗೆ, ಮೂರು ವರ್ಷದವರೆಗಿನದ್ದಾದರೆ ಮೂರು ವರ್ಷದೊಳಗೆ ಕೋರ್ಟಿಗೆ ಬರಬೇಕು. ಬರೀ 189(2), 223, 126(2) ಹಾಕಿದ ಕೇಸಿಗೆ ವರ್ಷವೇ ಮಿತಿ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸದಿದ್ದರೆ ಅದು ಅಲ್ಲಿಗೆ ಬಿತ್ತು. ಸಣ್ಣ ಕೇಸಿಗೆ 132 ಸೇರಿಸುವುದರ ಹಿಂದೆ ಜಾಮೀನಿನ ಲೆಕ್ಕದ ಜೊತೆ ಈ ಲೆಕ್ಕವೂ ಇದ್ದರೆ ಆಶ್ಚರ್ಯವಿಲ್ಲ.

ಕೋರ್ಟ್ ಕಾರಿಡಾರ್‌ನಲ್ಲಿ ಸಿಗುವ ಸುಲಭದ ಸಲಹೆ ‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಅಲೆದಾಟ ತಪ್ಪುತ್ತೆ’ ಎಂಬುದು. ಐವತ್ತೈದರ ರೈತನಿಗೆ ಅದು ಸರಿಯೇ ಇರಬಹುದು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಅವನ ಮಗನಿಗೆ ಅಲ್ಲ. ಐನೂರು ರೂಪಾಯಿ ದಂಡವೂ ಅಪರಾಧಿ ಎಂಬ ತೀರ್ಪೇ. ಸರ್ಕಾರಿ ಕೆಲಸದ ದೃಢೀಕರಣ ನಮೂನೆಯಲ್ಲಿ ಅದನ್ನು ಬರೆಯಬೇಕಾಗುತ್ತದೆ, ಮುಚ್ಚಿಟ್ಟರೆ ಕೆಲಸವೇ ಹೋಗಬಹುದು. ಪಾಸ್‌ಪೋರ್ಟ್‌ಗೂ ಕೋರ್ಟಿನಲ್ಲಿ ಬಾಕಿ ಇರುವ ಕೇಸು ಅಡ್ಡ ಬರುತ್ತದೆ, ಆ ಕೋರ್ಟಿನ ಅನುಮತಿ ಪಡೆದು ಮುಂದುವರಿಯಬಹುದು.

ಶ್ಯೂರಿಟಿಗೆ ಬರುವವರ ಪಹಣಿ, ಆಧಾರ್, ಫೋಟೋ ಮೊದಲೇ ಜೋಡಿಸಿಟ್ಟುಕೊಳ್ಳುವ ಸಂಘಟನೆಗಳು ನಮ್ಮಲ್ಲಿ ಕಡಿಮೆ. ಸಂಜೆ ನಾಲ್ಕರ ಹೊತ್ತಿಗೆ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಪಹಣಿ ತರಲು ನಾಡಕಚೇರಿಗೆ ಓಡಿದರೆ ಅದು ಮುಚ್ಚಿರುತ್ತದೆ. ಜಾಮೀನು ಸಿಗುವ ಅಪರಾಧದಲ್ಲಿ ವಾರದೊಳಗೆ ಶ್ಯೂರಿಟಿ ಕೊಡಲಾಗದವನನ್ನು ಬಡವನೆಂದು ಪರಿಗಣಿಸಿ ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕೆಂದು ಕಾನೂನಿದೆ, ಆದರೆ ಒಂದು ವಾರ ಒಳಗಿರುವುದು ಯಾರಿಗೆ ಬೇಕು?

ಕೊನೆಗೆ ವಿಳಾಸ. ಧರಣಿಗೆ ಬಂದ ಹುಡುಗ ಮುಂದಿನ ವರ್ಷ ಪೀಣ್ಯದಲ್ಲೋ ವಸಂತನರಸಾಪುರದಲ್ಲೋ ಕೆಲಸಕ್ಕೆ ಸೇರಿ ಬಾಡಿಗೆ ಮನೆ ಮಾಡಿರುತ್ತಾನೆ. ಸಮನ್ಸ್ ಹಳ್ಳಿಯ ಹಳೇ ವಿಳಾಸಕ್ಕೆ ಹೋಗಿ ವಾಪಸಾಗುತ್ತದೆ, ಎರಡು ವಾಯಿದೆ ದಾಟಿದ ಮೇಲೆ ಜಾಮೀನುರಹಿತ ವಾರಂಟ್ ಹೊರಡುತ್ತದೆ. ಅವನಿಗೆ ತಿಳಿಯುವುದು ಪೊಲೀಸರು ಬಾಗಿಲು ತಟ್ಟಿದಾಗ. ಹೋರಾಟಕ್ಕೆ ಹೋಗಿ ಬಂದವರು ರಾಜ್ಯ ಪೊಲೀಸ್ ಜಾಲತಾಣದಲ್ಲಿ ತಮ್ಮ ಠಾಣೆಯ ಎಫ್‌ಐಆರ್ ಹುಡುಕಬಹುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಜಿಲ್ಲೆ, ಕೋರ್ಟ್ ಆರಿಸಿ ಹೆಸರು ಅಥವಾ ಎಫ್‌ಐಆರ್ ನಂಬರ್ ಹಾಕಿದರೆ ಕೇಸಿನ ಮುಂದಿನ ವಾಯಿದೆ ಕಾಣುತ್ತದೆ. ವಾರಂಟ್ ಆಗಿದ್ದರೆ ವಕೀಲರ ಜೊತೆ ತಾವೇ ಹಾಜರಾಗಿ ಅದನ್ನು ಹಿಂಪಡೆಯಲು ಅರ್ಜಿ ಹಾಕಿದರೆ ಬಹುತೇಕ ಅಂದೇ ಮನೆಗೆ ಬರಬಹುದು. ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು, ಐದು ನಿಮಿಷದ ಕೆಲಸ.